ಗದಿಗೆಪ್ಪನ ಜೀಪಿನ ಬಿಸಿಗಾಳಿ

ಗದಿಗೆಪ್ಪನನ್ನು ನನ್ನ ಅಂಗಡಿಯ ಕೌಂಟರಿನ ಮೇಲೆ ಹರವಿ ನೋಡಿದರೆ, ಮಾಲು ದಪ್ಪ ಖಾದಿ. ಅಗಲ ಚಲೋ, ನೇಯ್ಗೆ ಗಟ್ಟಿ, ಬಣ್ಣ ಬಿಡುವ ಜಾತಿಯಲ್ಲ. ಗಿರಾಕಿಯ ಮುಂದೆ ಧಾರಾಳವಾಗಿ ಬಿಚ್ಚಿ ತೋರಿಸಬಹುದು. ಐಬು ಒಂದೇ, ನೀರು ಕಂಡ ಕೂಡಲೇ ಒಂದು ಗೇಣು ಗಿಡ್ಡ ಆಗುತ್ತದೆ. ಮುಂಬೈಯ ಭಾಂಡುಪಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು; ಅಳೆಯುವ ಪಟ್ಟಿ ಹಿಡಿಯದೆ ಇಷ್ಟು ಹೇಳಬಲ್ಲೆ.

ಸಿಂದಗಿ ಕಡೆಯಿಂದ ಬಂದ ಗದಿಗೆಪ್ಪನ ಕಸುಬು ನೆಲಕ್ಕೆ ಫರಸಿ ಕಲ್ಲು ಹಾಸುವುದು. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ, ಯಾವ ಕಡೆ ಉರುಳಬೇಕು ಅಂತ ಗೋಲಿ ನಿಂತಲ್ಲೇ ಯೋಚನೆ ಮಾಡುತ್ತದೆ. ಕೆಲಸ ಅಷ್ಟು ಚೊಕ್ಕ. ಆದರೆ ನೆಲ ಸಮ ಮಾಡಬಲ್ಲವನು ಲೋಕದ ಎಲ್ಲವನ್ನೂ ಸಮ ಮಾಡಬಲ್ಲ ಅನ್ನುವ ನಂಬಿಕೆ ಅವನಿಗೆ ಯಾವಾಗಲೋ ಅಂಟಿಕೊಂಡಿತ್ತು. ಮಿಕ್ಸರ್ ಕೆಟ್ಟರೂ ತಾನೇ, ಗೀಸರ್ ಕೆಟ್ಟರೂ ತಾನೇ, ಪಕ್ಕದ ಮನೆಯ ಗಂಡ ಹೆಂಡತಿ ಕೆಟ್ಟರೂ ತಾನೇ. ಅವನ ಕೈ ಬಿದ್ದ ಮೇಲೆ ಮಿಕ್ಸರ್ ಮತ್ತು ಗೀಸರ್ ಎರಡನ್ನೂ ಹೊಸದಾಗಿ ತರಬೇಕಾಯಿತು. ಪಕ್ಕದ ಮನೆಯವರು ಬಾಡಿಗೆ ಬಿಟ್ಟು ಹೋದರು.

ಇಂಥವನ ಹತ್ತಿರ ಒಂದು ಹಳೆಯ ಜೀಪು. ಹಿಮಾಚಲದ ಬೆಟ್ಟಗಳಲ್ಲಿ ಸೇಬಿನ ಪೆಟ್ಟಿಗೆ ಹೊತ್ತು, ಹಿಮದಲ್ಲಿ ಉರುಳಾಡಿ, ಮುಪ್ಪಿನಲ್ಲಿ ಮುಂಬೈ ಸೇರಿದ ಗಾಡಿ ಅದು. ನಾಲ್ಕೂ ಗಾಲಿಗೆ ಜೋರು ಕೊಡುವ ಲಿವರ್ ಅದಕ್ಕಿತ್ತು. ಗದಿಗೆಪ್ಪ ಅದನ್ನು ಎಳೆದದ್ದು ಒಂದೇ ಸಲ, ನಮ್ಮ ಹೌಸಿಂಗ್ ಸೊಸೈಟಿಯ ಸ್ಪೀಡ್ ಬ್ರೇಕರ್ ಏರುವಾಗ. ಇದರ ಜೊತೆಗೆ ಒಂದು ಹೀಟರ್ ಬೇರೆ. ಮುಂಬೈಯಲ್ಲಿ ಹೀಟರ್ ಅಂದರೆ ಕಾದ ಬಾಣಲೆಗೆ ಕಂಬಳಿ ಹೊದಿಸಿದ ಹಾಗೆ, ಯಾರಿಗೂ ಬೇಡದ ಭಾಗ್ಯ. ಆದರೆ ಅದೇ ಹೀಟರಿನ ಬ್ಲೋವರ್, ಅಂದರೆ ಗಾಳಿ ಊದುವ ಫ್ಯಾನು, ಮಳೆಗಾಲದಲ್ಲಿ ಮುಂದಿನ ಗಾಜಿಗೆ ಹಿಡಿಯುವ ಮಬ್ಬನ್ನು ತೆಗೆಯುವ ಕೆಲಸವನ್ನೂ ಮಾಡುತ್ತದೆ. ಗದಿಗೆಪ್ಪನ ಬ್ಲೋವರ್ ಬಾಯಿ ಮುಚ್ಚಿ ಬಹಳ ದಿನ ಆಗಿತ್ತು. ಮಬ್ಬು ಹಿಡಿದಾಗಲೆಲ್ಲ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಅರಿವೆ. ಹಾಗೇ ನಡೆದಿತ್ತು.

ಕೆಟ್ಟದ್ದು ಶುಭಾಂಗಿಬಾಯಿಯನ್ನು ಹತ್ತಿಸಿಕೊಂಡ ದಿನ. ಶುಭಾಂಗಿಬಾಯಿ ನಮ್ಮ ಸೊಸೈಟಿಯ ಸೆಕ್ರೆಟರಿ; ಮಾತಾಡುವುದು ಹಿಂದಿ, ನಮ್ಮ ಕನ್ನಡ ಕೇಳಿದರೆ ತಿಳಿಯುತ್ತದೆ. ಜೋರು ಮಳೆಯಲ್ಲಿ ಸ್ಟೇಶನ್ ಮುಂದೆ ರಿಕ್ಷಾ ಸಿಗದೆ ನಿಂತಿದ್ದರು. ಗದಿಗೆಪ್ಪ ದೊಡ್ಡ ಮನಸ್ಸು ಮಾಡಿ ಹತ್ತಿಸಿಕೊಂಡ. ಇಬ್ಬರ ಉಸಿರಿಗೆ ಗಾಜು ಬೆಳ್ಳಗಾಯಿತು. ಹೆಂಗಸರ ಮುಂದೆ ಅರಿವೆ ತೆಗೆದು ಉಜ್ಜುವುದು ಮರ್ಯಾದೆಯಲ್ಲ ಅಂತ, ಮನೆ ದಾರಿ ತನಗೆ ಬಾಯಿಪಾಠ ಅಂತ, ನೆನಪಿನ ಮೇಲೆಯೇ ಗಾಡಿ ಬಿಟ್ಟ. ದಾರಿ ಸರಿಯಾಗಿಯೇ ನೆನಪಿತ್ತು. ಸೊಸೈಟಿಗೆ ಹೊಸ ಗೇಟ್ ಹಾಕಿದ್ದು ಮಾತ್ರ ಮರೆತಿತ್ತು.

ಮರುದಿನವೇ ತೀರ್ಪು ಬಂತು. ಭಾನುವಾರ ನಾನೇ ಮುಂದಿನ ಸೀಟಿನಲ್ಲಿ ಕೂತು ಮಾಟುಂಗಕ್ಕೆ ಹೋಗಿ ಬರುತ್ತೇನೆ, ಒಂದು ಸಲವೂ ಅರಿವೆ ಮುಟ್ಟದೆ ಗಾಜು ಸ್ವಚ್ಛ ಇದ್ದರೆ ಸರಿ. ಇಲ್ಲದಿದ್ದರೆ ಇದು ಗಾಡಿಯಲ್ಲ, ಭಂಗಾರ, ಅಂದರೆ ಗುಜರಿ, ಕಾಂಪೌಂಡಿನ ಜಾಗ ಖಾಲಿ ಮಾಡಿ ಎಂದರು ಶುಭಾಂಗಿಬಾಯಿ. ಖಾಲಿಯಾದ ಜಾಗ ಮೂರನೇ ಮಹಡಿಯ ಅಮೋಲನಿಗೆ. ಅಮೋಲ್ ಹೊಸ ಬಿಳಿ ಕಾರು ತಂದು ರಸ್ತೆಯ ಮೇಲೆ ನಿಲ್ಲಿಸಿದ್ದ. ದಿನಾ ಬೆಳಿಗ್ಗೆ ಜೀಪಿನ ಹತ್ತಿರ ಬಂದು, ದವಾಖಾನೆಯ ಬಾಗಿಲಲ್ಲಿ ನಿಂತ ವಾರಸುದಾರನ ಹಾಗೆ, ಅದರ ಆರೋಗ್ಯ ವಿಚಾರಿಸುತ್ತಿದ್ದ.

ಜಾಗ ಹೋದರೆ ಗದಿಗೆಪ್ಪನಿಗಿಂತ ದೊಡ್ಡ ನಷ್ಟ ಅವನ ಹೆಂಡತಿ ಮಹಾದೇವಿಗೆ. ಆಕೆ ಮನೆಯಲ್ಲೇ ಮಸಾಲೆ ಖಾರ ಕುಟ್ಟಿಸಿ ಮಾರುತ್ತಾಳೆ. ಭಾಂಡುಪಿನಿಂದ ಮಾಟುಂಗದ ತನಕ ಆಕೆಯ ಖಾರಕ್ಕೆ ಹೆಸರು. ಕುಟ್ಟಿಸುವ ಮೊದಲು ಮೆಣಸಿನಕಾಯಿ ಒಣಗಬೇಕು, ಒಣಗಲು ಬಿಸಿಲು ಬೇಕು. ಟೆರೇಸಿಗೆ ಸೊಸೈಟಿ ಕೀಲಿ ಹಾಕಿದ ಮೇಲೆ ಇಡೀ ಬಿಲ್ಡಿಂಗಿನಲ್ಲಿ ನೆಟ್ಟಗೆ ಬಿಸಿಲು ಬೀಳುತ್ತಿದ್ದದ್ದು ಆ ಪಾರ್ಕಿಂಗ್ ಜಾಗದಲ್ಲಿ ಮಾತ್ರ. ಬೇಸಿಗೆಯಲ್ಲಿ, ಶುಭಾಂಗಿಬಾಯಿ ಆಫೀಸಿಗೆ ಹೋದ ಹೊತ್ತು ನೋಡಿ, ಅಲ್ಲಿ ಗುಟ್ಟಾಗಿ ಕಾಯಿ ಒಣಗುತ್ತಿದ್ದವು. ಕಾಂಪೌಂಡಿನಲ್ಲಿ ಏನನ್ನೂ ಒಣಗಿಸಬಾರದು ಅನ್ನುವುದು ಶುಭಾಂಗಿಬಾಯಿಯದೇ ಕಾಯಿದೆ.

“ಜಾಗ ಹೋತಂದ್ರ ನನ್ನ ಧಂದೇನೂ ಹೋತು,” ಎಂದಳು ಮಹಾದೇವಿ. “ವಿಕ್ರೋಳಿ ನಿಜಾಮುದ್ದೀನನ ಗ್ಯಾರೇಜಿಗೆ ಒಯ್ದು ಬಿಡ್ರಿ.”

ನಿಜಾಮುದ್ದೀನ ಇವರ ಕಡೆಯವನೇ, ವಿಜಾಪುರದವನು. ಗದಿಗೆಪ್ಪ ಫೋನ್ ಹಚ್ಚಿದ್ದೂ ಆಯಿತು. ಹೀಟರ್ ಅನ್ನುವ ಶಬ್ದ ಕೇಳಿ ಆ ಕಡೆ ನಿಜಾಮುದ್ದೀನ ಬಹಳ ಹೊತ್ತು ನಕ್ಕ. ಮುಂಬೈಯಲ್ಲಿ ಹೀಟರ್ ರಿಪೇರಿಗೆ ಬಂದ ಮೊದಲ ಗಿರಾಕಿ ನೀನೇ, ನಿನ್ನ ಫೋಟೋ ಗ್ಯಾರೇಜಿನಲ್ಲಿ ಹಾಕುತ್ತೇನೆ, ಮುಂದಿನ ವಾರ ಬಾ ಎಂದ. ಗದಿಗೆಪ್ಪನ ಮಾನ ಅಲ್ಲಿಗೇ ಕೆರಳಿತು. ಫೋನ್ ಇಟ್ಟವನೇ ಶಪಥ ಮಾಡಿದ. ಈ ಬ್ಲೋವರನ್ನು ತಾನೇ ಸರಿ ಮಾಡುವುದು, ಭಾನುವಾರ ಸೆಕ್ರೆಟರಿಯನ್ನು ಮಹಾರಾಣಿಯ ಹಾಗೆ ಮಾಟುಂಗಕ್ಕೆ ಒಯ್ಯುವುದು, ಬರುವಾಗ ವಿಕ್ರೋಳಿಯ ಗ್ಯಾರೇಜಿನ ಮುಂದೆ ಹಾರ್ನ್ ಬಾರಿಸಿಕೊಂಡೇ ಬರುವುದು.

“ಅಲ್ರೀ, ನೀವು ಫರಸಿ ಕೂಡಸೂವ್ರು. ಗಾಡಿ ಮಿಸ್ತ್ರಿ ಯಾವಾಗ ಆದ್ರಿ?”

“ಮಾದೇವಿ, ಕರೆಂಟ್ ಅಂದ್ರ ಏನು? ನೀರಿದ್ದಂಗ. ಹರಕೋತ ಹೋಗ್ತೈತಿ. ಎಲ್ಲಿ ನಿಂತೈತಿ ಅಂತ ಹುಡಿಕಿದ್ರ ಮುಗೀತು.”

“ನೀವು ಹುಡುಕೂದ್ರಾಗ ಅಮೋಲ್ ಬಂದು ಕಾರ್ ನಿಂದರಸ್ತಾನ.”

ಶನಿವಾರ ಹುಡುಕಾಟ ಶುರುವಾಯಿತು. ಫೋನಿನಲ್ಲಿ ಒಂದು ವಿಡಿಯೋ ನೋಡಿದ. ಅದರಲ್ಲಿ ಯಾರೋ ಬಿಳಿ ಗಡ್ಡದವನು, ಮೊದಲು ಫ್ಯೂಸ್ ನೋಡಿ, ಆಮೇಲೆ ಸ್ವಿಚ್ಚು, ಆಮೇಲೆ ವಾಯರು, ಕಡೆಗೆ ಫ್ಯಾನು ಬಿಚ್ಚಿ ನೋಡಿ ಎಂದ. ಗದಿಗೆಪ್ಪ ಫ್ಯೂಸಿನ ಡಬ್ಬಿ ತೆಗೆದ. ಯಾವ ಫ್ಯೂಸ್ ಯಾವುದಕ್ಕೆ ಅನ್ನುವ ಚೀಟಿ ಹಿಮಾಚಲದಲ್ಲೇ ಅಳಿಸಿಹೋಗಿತ್ತು. ಒಂದನ್ನು ಕಿತ್ತ, ವೈಪರ್ ಸತ್ತಿತು. ಇನ್ನೊಂದನ್ನು ಕಿತ್ತ, ಹೆಡ್‌ಲೈಟ್ ಸತ್ತಿತು. ಎಲ್ಲವನ್ನೂ ಕಿತ್ತು ತಿರುಗಿ ಜೋಡಿಸಿದಾಗ ಹಾರ್ನ್ ಹೊಡೆದುಕೊಳ್ಳಲು ಶುರುಮಾಡಿತು, ನಿಲ್ಲಲೇ ಇಲ್ಲ. ಬಿಲ್ಡಿಂಗಿನ ಕಿಟಕಿಗಳಿಂದ ತಲೆಗಳು ಹೊರಗೆ ಬಂದವು. ಗದಿಗೆಪ್ಪ ಎಲ್ಲರಿಗೂ ಕೈ ಬೀಸಿ, ಟೆಸ್ಟಿಂಗ್, ಟೆಸ್ಟಿಂಗ್ ಎಂದ, ಗಣಪತಿ ಪೆಂಡಾಲಿನಲ್ಲಿ ಮೈಕ್ ಹಿಡಿದವನ ಹಾಗೆ.

ಫ್ಯೂಸ್ ಸರಿ ಇತ್ತು. ಸ್ವಿಚ್ಚಿನ ತನಕ ಕರೆಂಟು ಬರುತ್ತಿತ್ತು. ಸ್ವಿಚ್ಚನ್ನು ಒಂದು, ಎರಡು, ಮೂರು, ನಾಲ್ಕು ನಂಬರಿಗೆ ತಿರುಗಿಸಿದ; ಬ್ಲೋವರ್ ನಾಲ್ಕೂ ನಂಬರಿಗೆ ಒಂದೇ ಮೌನ ಸಾಧಿಸಿತು. ನಡುವೆ ಅವನಿಗೆ ಇನ್ನೊಂದು ಸರಳ ಉಪಾಯ ಹೊಳೆಯಿತು. ಪುಣೆಗೆ ಮದುವೆ ಮಾಡಿಕೊಟ್ಟ ಮಗಳು ಶೀತಲ್ ಕೂದಲು ಒಣಗಿಸುವ ಮಷೀನು ಬಿಟ್ಟುಹೋಗಿದ್ದಳು. ಮೊದಲನೇ ಮಹಡಿಯ ಕಿಟಕಿಯಿಂದ ವಾಯರ್ ಇಳಿಬಿಟ್ಟು, ಅದರಿಂದ ಗಾಜಿಗೆ ಬಿಸಿ ಗಾಳಿ ಹಿಡಿದ. ಮಬ್ಬು ಮಾಯವಾಯಿತು. ಗೆದ್ದೆ ಅಂತ ತಲೆ ಎತ್ತಿ ನೋಡಿದರೆ ಕಿಟಕಿಯಲ್ಲಿ ಮಹಾದೇವಿ.

“ಮಾಟುಂಗಾ ತನಾ ವಾಯರ್ ಸಾಲ್ತೈತೇನ್ರಿ?”

ಗದಿಗೆಪ್ಪ ಮಷೀನು ಸುತ್ತಿಟ್ಟು ತಿರುಗಿ ವಾಯರಿಗೆ ಬಂದ. ಬ್ಯಾಟರಿಯಿಂದ ಒಂದು ದಪ್ಪ ವಾಯರ್ ಎಳೆದು, ಸ್ವಿಚ್ಚು ಗಿಚ್ಚು ಎಲ್ಲವನ್ನೂ ದಾಟಿಸಿ, ನೇರ ಬ್ಲೋವರಿನ ಬಾಲಕ್ಕೆ ಕಟ್ಟಿದ. ಆಗ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗಿಂದ ಗುಂಯ್ ಎಂದು ಸಣ್ಣ ದನಿ ಬಂತು. ಫ್ಯಾನಿಗೆ ಜೀವ ಇತ್ತು, ಆದರೆ ತಿರುಗಲು ಒದ್ದಾಡುತ್ತಿತ್ತು. ಗಾಳಿ ಬರುವ ಜಾಲರಿಗೆ ಅಂಗೈ ಹಿಡಿದ. ಮಲಗಿದ ಕೂಸಿನ ಉಸಿರಿನಷ್ಟು ಗಾಳಿ. ವಿಡಿಯೋದ ಬಿಳಿ ಗಡ್ಡದವನು, ಗುಂಯ್ ಅಂದೂ ತಿರುಗದಿದ್ದರೆ ಒಳಗೆ ಏನೋ ಸಿಕ್ಕಿಕೊಂಡಿದೆ, ಬಿಚ್ಚಿ ನೋಡಲೇಬೇಕು ಎಂದಿದ್ದ. ಬಿಚ್ಚುವುದೆಂದರೆ ಡ್ಯಾಶ್‌ಬೋರ್ಡಿನ ಅರ್ಧ ಹೊಟ್ಟೆ ಸೀಳಬೇಕು. ಗದಿಗೆಪ್ಪ ಗಡಿಯಾರ ನೋಡಿದ, ಬೆನ್ನು ಮುಟ್ಟಿಕೊಂಡ, ರೋಗಿಗೆ ಬರೀ ನಿಶ್ಶಕ್ತಿ ಎಂದು ತೀರ್ಮಾನಿಸಿದ. ಓಡಾಡಿದರೆ ತಾನೇ ಚೇತರಿಸಿಕೊಳ್ಳುತ್ತದೆ. ಅದೇ ವೇಳೆಗೆ ಬಿಸಿ ಗಾಳಿ, ತಣ್ಣನೆ ಗಾಳಿ ಬದಲಿಸುವ ಗುಬುಟು ಕೈಗೆ ಕಿತ್ತು ಬಂತು. ಅದನ್ನು ಜೇಬಿಗೆ ಹಾಕಿಕೊಂಡ.

ಭಾನುವಾರ ಮಳೆ ಮಾತಿಗೆ ತಪ್ಪದೆ ಬಂತು. ಮುಂದೆ ಶುಭಾಂಗಿಬಾಯಿ, ತೊಡೆಯ ಮೇಲೆ ಪರ್ಸು, ಮುಖದ ಮೇಲೆ ಪರೀಕ್ಷಕರ ಗಾಂಭೀರ್ಯ. ಹಿಂದೆ ಮಹಾದೇವಿ, ಅವಳ ಪಕ್ಕ ಸಾಕ್ಷಿಗೆಂದು ನಾನು. ಸಾಕ್ಷಿಗೆ ಮಾಟುಂಗದಲ್ಲಿ ಇಡ್ಲಿ ಕೊಡಿಸುತ್ತೇನೆ ಎಂದು ಗದಿಗೆಪ್ಪ ಹೇಳಿದ್ದ, ಅಂಗಡಿಗೆ ಹೇಗೂ ರಜೆ. ಗೇಟಿನ ಹತ್ತಿರ ಅಮೋಲ್ ಕೊಡೆ ಹಿಡಿದು ನಿಂತು ನಮ್ಮನ್ನು ಬೀಳ್ಕೊಟ್ಟ. ಅವನ ಇನ್ನೊಂದು ಕೈಯಲ್ಲಿ ಕಾರಿನ ಕೀಲಿ ಇತ್ತು.

ಮಳೆ ಒಳಗೆ ಹೊಡೆಯುತ್ತದೆಂದು ಗಾಜುಗಳನ್ನೆಲ್ಲ ಏರಿಸಿದ್ದೆವು. ಕಾಂಜೂರ್‌ಮಾರ್ಗ ಬರುವಷ್ಟರಲ್ಲಿ ನಾಲ್ಕು ಜನರ ಉಸಿರು ತನ್ನ ಕೆಲಸ ಶುರುಮಾಡಿತು. ಮುಂದಿನ ಗಾಜಿನ ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಮೂಡಿತು; ನೋಡನೋಡುತ್ತ ಅದು ಹಾಲು ಉಕ್ಕಿದಂತೆ ನಡುವಿನ ತನಕ ಬಂತು. ಬ್ಲೋವರ್ ಮಾತ್ರ ಗುಂಯ್ ಅನ್ನುತ್ತ ಕೂತಿತ್ತು. ಗದಿಗೆಪ್ಪನ ಕೈ ತಾನಾಗಿಯೇ ಜೇಬಿನ ಅರಿವೆಯ ಕಡೆ ಜಾರಿತು. ಶುಭಾಂಗಿಬಾಯಿ ಗಂಟಲು ಸರಿಮಾಡಿಕೊಂಡರು. ಕೈ ತಿರುಗಿ ಸ್ಟೇರಿಂಗಿಗೆ ಬಂತು. ಗದಿಗೆಪ್ಪನ ಕಣ್ಣ ಮುಂದೆ ಆಗ ರಸ್ತೆ ಇರಲಿಲ್ಲ, ಅಮೋಲನ ಬಿಳಿ ಕಾರು ತನ್ನ ಜಾಗದಲ್ಲಿ ನಿಂತ ಚಿತ್ರ ಇತ್ತು. ಮನಸ್ಸಿನಲ್ಲಿ ಮನೆದೇವರಿಗೆ ಮೊರೆ ಇಟ್ಟ, ಒಂದೇ ಒಂದು ಸಲ ಊದಿಸಪ್ಪ ತಂದೆ ಅಂತ.

ದೇವರು ಗುಂಡಿಯ ರೂಪದಲ್ಲಿ ಬಂದ. ವಿಕ್ರೋಳಿ ಸಿಗ್ನಲ್ಲಿಗೆ ಇನ್ನೇನು ಮುಟ್ಟಬೇಕು, ನೀರಿನಡಿ ಅಡಗಿದ್ದ ಗುಂಡಿಗೆ ಜೀಪಿನ ಮುಂಗಾಲು ಧಡ್ ಎಂದು ಇಳಿಯಿತು. ನಮ್ಮೆಲ್ಲರ ತಲೆ ಮೇಲಿನ ಟಪ್ಪಿಗೆ ತಾಗಿ ಬಂತು. ಡ್ಯಾಶ್‌ಬೋರ್ಡಿನೊಳಗೆ ಏನೋ ಕಳಚಿಕೊಂಡಿತು. ಗುಂಯ್ ಅನ್ನುತ್ತಿದ್ದದ್ದು ಗಿರ್ ಎಂದಿತು, ಗಿರ್ ಅನ್ನುತ್ತಿದ್ದದ್ದು ಭರ್ ಎಂದಿತು, ಹಿಮಾಲಯದಲ್ಲಿ ಕಲಿತ ವಿದ್ಯೆಯೆಲ್ಲ ನೆನಪಾದಂತೆ ಬ್ಲೋವರ್ ಪೂರ್ತಿ ಬಲದಿಂದ ಊದಿತು. ಗಾಜಿನ ಮಬ್ಬು ಯಾರೋ ಪರದೆ ಸರಿಸಿದ ಹಾಗೆ ಹೋಯಿತು. ಸಿಗ್ನಲ್ಲು, ಬೆಸ್ಟ್ ಬಸ್ಸು, ಬಸ್ಸಿನ ಹಿಂದಿನ ಅಕ್ಷರ, ಎಲ್ಲ ತೊಳೆದಿಟ್ಟಂತೆ ಕಂಡವು.

“ನೋಡ್ರಿ ಮೇಡಂ,” ಎಂದ ಗದಿಗೆಪ್ಪ ಎದೆ ಉಬ್ಬಿಸಿ.

ಮೇಡಂ ನೋಡಲಿಲ್ಲ. ಅವರು ಸೀನಿದರು. ಆಮೇಲೆ ಗದಿಗೆಪ್ಪ ಸೀನಿದ. ಜಾಲರಿಯಿಂದ ಬಿಸಿ ಗಾಳಿಯ ಜೊತೆಗೆ ಕೆಂಪು ಧೂಳು, ಅದರ ಹಿಂದೆ ಹಳದಿ ಬೀಜಗಳು, ಮದುವೆಯಲ್ಲಿ ಅಕ್ಷತೆ ಎರಚಿದಂತೆ ನಮ್ಮೆಲ್ಲರ ಮುಖಕ್ಕೆ ಬಂದು ಬಡಿದವು. ಮೆಣಸಿನಕಾಯಿ ಹುರಿದರೆ ಘಾಟು ಹೇಗಿರುತ್ತದೆ ಅಂತ ಅಡುಗೆಮನೆ ಇದ್ದವರಿಗೆ ಹೇಳಬೇಕಾಗಿಲ್ಲ. ಆದರೆ ಅಲ್ಲಿ ಓಡಿಹೋಗಲು ಹೊರಬಾಗಿಲು ಇರುತ್ತದೆ. ಇಲ್ಲಿ ಮುಚ್ಚಿದ ಜೀಪು, ಕಾದ ಹೀಟರು, ಎದುರಿಗೆ ಕೆಂಪು ಸಿಗ್ನಲ್ಲು. ಗದಿಗೆಪ್ಪ ಸ್ವಿಚ್ಚು ತಿರುಗಿಸಿದ. ಸ್ವಿಚ್ಚಿಗೂ ಬ್ಲೋವರಿಗೂ ಅವನೇ ಸಂಬಂಧ ಕಡಿದಿದ್ದ. ತಣ್ಣನೆ ಗಾಳಿಗೆ ತಿರುಗಿಸೋಣವೆಂದರೆ ಗುಬುಟು ಜೇಬಿನಲ್ಲಿತ್ತು. ಗಾಜು ಕನ್ನಡಿಯಷ್ಟು ಸ್ವಚ್ಛ, ಅದರಿಂದ ಹೊರಗೆ ನೋಡಲು ಒಬ್ಬರಿಗೂ ಕಣ್ಣಿಲ್ಲ.

ಬಾಗಿಲು ತೆಗೆದು ನಾಲ್ವರೂ ಮಳೆಗೆ ಹಾರಿದೆವು. ಸಿಗ್ನಲ್ಲಿನ ನಡುವೆ, ಆಕಾಶಕ್ಕೆ ಮುಖ ಎತ್ತಿ, ಬಾಯಿ ಕಳೆದು, ಕಣ್ಣು ತೆರೆದು ನಿಂತೆವು, ಗುಟುಕಿಗೆ ಕಾದ ಹಕ್ಕಿ ಮರಿಗಳ ಹಾಗೆ. ಟ್ರಾಫಿಕ್ ಹವಾಲ್ದಾರ ಸೀಟಿ ಊದುತ್ತ ಸಿಟ್ಟಿನಿಂದ ಬಂದ. ಯಾಕೆ ನಿಲ್ಲಿಸಿದಿರಿ ಅಂತ ಕೇಳುವ ಮೊದಲು ಜೀಪಿನೊಳಗೆ ತಲೆ ಹಾಕಿದ. ತಲೆ ಹೊರಗೆ ತೆಗೆದ ಮೇಲೆ ಅವನೂ ನಮ್ಮ ಪಕ್ಕದಲ್ಲೇ ಆಕಾಶ ನೋಡುತ್ತ ನಿಂತ.

ಗದಿಗೆಪ್ಪ ಕುರುಡನ ಹಾಗೆ ತಡವಿ, ಬಾನೆಟ್ ಎತ್ತಿ, ಬ್ಯಾಟರಿಯ ವಾಯರ್ ಕಿತ್ತ. ಭರ್ ಅನ್ನುವುದು ನಿಂತಿತು. ಆಗ ಅವನ ಕಣ್ಣಿಗೆ ಬಿತ್ತು: ಗಾಜಿನ ಬುಡದಲ್ಲಿ, ಹೊರಗಿನ ಗಾಳಿ ಒಳಗೆ ಹೋಗುವ ಸೀಳುಗಳಲ್ಲಿ, ಒಣಮೆಣಸಿನಕಾಯಿಯ ತೊಟ್ಟು, ಬೀಜ, ಚೂರು. ವರ್ಷಗಟ್ಟಲೆ ಅಲ್ಲಿಂದ ಇಳಿದು ಇಳಿದು ಫ್ಯಾನಿನ ಮನೆಯನ್ನು ತುಂಬಿದ್ದವು. ಬ್ಯಾಡಗಿ, ಗುಂಟೂರು ಬೆರೆತ ಆ ವಾಸನೆ ಅವನು ದಿನಾ ಊಟದ ತಟ್ಟೆಯಲ್ಲಿ ಕಂಡ ವಾಸನೆ. ರೋಗ ಸಿಕ್ಕಿತು. ಗದಿಗೆಪ್ಪ ಹೆಂಡತಿಯ ಕಡೆ ನೋಡಿದ. ಮಹಾದೇವಿ ಸೆರಗಿನಿಂದ ಮೂಗು ಮುಚ್ಚಿ, ರಸ್ತೆಯ ಆಚೆಯ ಫ್ಯಾಕ್ಟರಿ ಗೋಡೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಶುಭಾಂಗಿಬಾಯಿ ಬಾನೆಟ್ ಹತ್ತಿರ ಬಂದರು. ಕಣ್ಣು ಕೆಂಡ, ಮೂಗು ಟೊಮೆಟೊ. ಒಂದು ತೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ, ಇದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರು.

ಗದಿಗೆಪ್ಪನಿಗೆ ಎಂಥ ಘಳಿಗೆ ನೋಡಿ. ಖರೆ ಹೇಳಿದರೆ ಅವನು ಗೆದ್ದ. ಬ್ಲೋವರ್ ಓಡಿತ್ತು, ಗಾಜು ತಿಳಿಯಾಗಿತ್ತು, ಅರಿವೆ ಮುಟ್ಟಿರಲಿಲ್ಲ; ತಪ್ಪು ಪೂರ್ತಿ ಮೆಣಸಿನಕಾಯಿಯದು. ಆದರೆ ಕಾಂಪೌಂಡಿನಲ್ಲಿ ಮೆಣಸಿನಕಾಯಿ ಒಣಗಿದ ಸುದ್ದಿ ಹೊರಬಿದ್ದರೆ ಜೀಪಿನ ಜಾಗ ಉಳಿದೀತು, ಮಹಾದೇವಿಯ ಬಿಸಿಲು ಹೋದೀತು. ಶನಿವಾರದಿಂದ ತನ್ನನ್ನು ಕಿಚಾಯಿಸಿದ ಹೆಂಡತಿಯ ಮೇಲೆ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಚಲೋ ಹೊತ್ತು ಇನ್ನೊಮ್ಮೆ ಬರುತ್ತದೆಯೇ? ಅವನು ಎರಡು ಸಲ ಬಾಯಿ ತೆರೆದ. ಎರಡೂ ಸಲ ಸೀನು ಬಂತು. ಮೂರನೇ ಸಲ ಮಾತು ಬಂತು.

“ನಾನೇ ಹಾಕೀನ್ರಿ ಮೇಡಂ. ಇಲಿ ಬರಬಾರದಂತ.”

ಶುಭಾಂಗಿಬಾಯಿಯ ಕೈಯಲ್ಲಿದ್ದ ತೊಟ್ಟು ಅಲ್ಲೇ ನಿಂತಿತು. ಹಿಂದಿನ ತಿಂಗಳಷ್ಟೇ ಅವರ ಕಾರಿನ ವಾಯರುಗಳನ್ನು ಕಾಂಪೌಂಡಿನ ಇಲಿಗಳು ಬುಡಮಟ್ಟ ತಿಂದಿದ್ದವು. ಆ ವಿಷಯದಲ್ಲಿ ಅವರ ಹೊಟ್ಟೆ ಇನ್ನೂ ಆರಿರಲಿಲ್ಲ. ಆಮೇಲೆ ಇಲಿ ಬಂತಾ ಅಂತ ದನಿ ಇಳಿಸಿ ಕೇಳಿದರು:

“ಫಿರ್ ಚೂಹಾ ಆಯಾ ಕ್ಯಾ?”

“ಏಕ್ ಭೀ ನಹೀ, ಮೇಡಂ.”

ಇದು ಖರೇನೇ. ಆ ಜೀಪಿನೊಳಗೆ ಕಾಲಿಡಲು ಯಾವ ಇಲಿಗೆ ಎದೆಗಾರಿಕೆ ಇದ್ದೀತು? ಶುಭಾಂಗಿಬಾಯಿ ತೊಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಪರ್ಸಿನಲ್ಲಿಟ್ಟುಕೊಂಡರು. ನಂತರ ಮಹಾದೇವಿಯ ಕಡೆ ತಿರುಗಿ, ನಿಮ್ಮ ಮನೆಯಲ್ಲಿ ಮೆಣಸಿನಕಾಯಿ ಯಾವಾಗಲೂ ಇರುತ್ತದಲ್ಲ, ಬಿಲ್ಡಿಂಗಿನ ಎಲ್ಲ ಗಾಡಿಗಳಿಗೂ ಒಂದೊಂದು ಸಣ್ಣ ಚೀಲ ಮಾಡಿಕೊಡಲು ಆಗುತ್ತದಾ ಎಂದು ಕೇಳಿದರು. ಮಹಾದೇವಿ ಕಣ್ಣು ಒರೆಸಿಕೊಂಡು, ಮಾಡಬಹುದು, ಆದರೆ ಕಾಯಿ ಗರಿಗರಿ ಒಣಗಿರಬೇಕು, ಅದಕ್ಕೆ ಬಿಸಿಲಿನ ಜಾಗ ಬೇಕಲ್ಲ ಎಂದು ಬಹಳ ಚಿಂತೆಯಿಂದ ಹೇಳಿದಳು. ಬಿಸಿಲು ಬಿದ್ದ ದಿನ ಕಾಂಪೌಂಡಿನಲ್ಲೇ ಒಣಗಿಸಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ, ಜೀಪೂ ಅಲ್ಲೇ ಇರಲಿ ಅಂದರು ಶುಭಾಂಗಿಬಾಯಿ. ಮಾಟುಂಗಕ್ಕೆ ಹೋಗಲಿಲ್ಲ. ಜೀಪನ್ನು ಅಲ್ಲಿಂದಲೇ ತಿರುಗಿಸಿದೆವು, ನಾಲ್ಕೂ ಗಾಜು ಇಳಿಸಿ, ಎಲ್ಲರೂ ನೆನೆಯುತ್ತ. ನಿಜಾಮುದ್ದೀನನ ಗ್ಯಾರೇಜಿನ ಮುಂದೆ ಹಾರ್ನ್ ಬಾರಿಸುವುದು ಗದಿಗೆಪ್ಪನಿಗೆ ನೆನಪಾಗಲಿಲ್ಲ.

ಎರಡು ದಿನ ಬಿಟ್ಟು ಗಂಡ ಹೆಂಡತಿ ನನ್ನ ಅಂಗಡಿಗೆ ಬಂದರು, ಚೀಲಗಳಿಗೆ ತೆಳು ಮಲ್‌ಮಲ್ ಅರಿವೆ ಬೇಕಿತ್ತು. ನಾನು ಥಾನು ಬಿಚ್ಚಿದೆ. ಗದಿಗೆಪ್ಪ ಸ್ಟೂಲಿನ ಮೇಲೆ ಸಿಂಹಾಸನದ ಹಾಗೆ ಕೂತ. ಮೂಗು ಇನ್ನೂ ಕೆಂಪಿತ್ತು, ಆದರೆ ಮುಖದಲ್ಲಿ ತ್ಯಾಗದ ತೇಜಸ್ಸು. ಹೆಂಡತಿಯ ಬಾಯಿಂದ ಒಂದು ಒಳ್ಳೆಯ ಮಾತು ಬರಲಿ ಅಂತ ಭಾನುವಾರದಿಂದ ಕಾದಿದ್ದ, ಬಂದಿರಲಿಲ್ಲ. ಈಗ ಸಾಕ್ಷಿಯೂ ಎದುರಿಗಿದ್ದಾನೆ ಅಂತ ತಾನೇ ಶುರುಮಾಡಿದ.

“ಕೇಳ್ರಿ ಸಾವಕಾರ್ರ. ಈಕಿ ಸಲುವಾಗಿ, ಜೀವಮಾನದಾಗ ಮೊದಲನೇ ಸಲ, ನಾ ಸುಳ್ಳು ಹೇಳೀನಿ.”

ಮಹಾದೇವಿ ಅರಿವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ತಲೆ ಎತ್ತಲಿಲ್ಲ.

“ಎಲ್ಲಿ ಹೇಳೀರಿ ಸುಳ್ಳು?”

“ನಾನೇ ಹಾಕೀನಿ ಅಂದೆನಲ್ಲ.”

“ಮತ್ತ ನೀವೇ ಹಾಕೀರಲ್ಲ,” ಎಂದಳು ಮಹಾದೇವಿ. “ನಾ ಚಾಪಿ ಹಾಸಿ ನೆಲದ ಮ್ಯಾಲ ಹರವತೀನಿ ಅಂದ್ರ, ಬ್ಯಾಡ, ಬಾನೆಟ್ ಹಂಚಿನಂಗ ಕಾಯ್ತೈತಿ, ಅದರ ಮ್ಯಾಲ ಹಾಕು ಅಂದವ್ರು ಯಾರು? ಉರಳಿ ಗಾಜಿನ ಬುಡಕ್ಕ ಹೋಗ್ತಾವು ಅಂದ್ರ, ನಿಮ್ಮ ಫರಸಿ ಲೆವೆಲ್ ನೋಡೂ ಪಟ್ಟಿ ತಂದು ಬಾನೆಟ್ ಮ್ಯಾಲಿಟ್ಟು, ನೋಡು, ಒಂದು ಬೀಜನೂ ಉರಳೂದಿಲ್ಲ ಅಂದವ್ರು ಯಾರು? ವರ್ಷಾ ವರ್ಷಾ ಬೊಗಸಿಲೆ ಹರವಿದವ್ರು ಯಾರು? ಖರೇನ ಹೇಳೀರಿ ಬಿಡ್ರಿ. ನನಗ ಭಾಳ ಖುಷಿ ಆತು.”

ನಾನು ಕತ್ತರಿ ಹುಡುಕುವ ನೆಪದಲ್ಲಿ ಕೌಂಟರಿನ ಕೆಳಗೆ ಬಾಗಿದೆ. ಮೇಲೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದು ನೋಡಿದರೆ ಗದಿಗೆಪ್ಪ ಸ್ಟೂಲಿನಿಂದ ಇಳಿದು, ಅರಿವೆಯ ಗಂಟನ್ನು ತಾನೇ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ.

ಮಹಾದೇವಿ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಅವನು ತಿರುಗಿ ಬಂದ. ಈ ಸುದ್ದಿಯನ್ನು ಯಾರ ಮುಂದೆಯೂ ಆಡಬಾರದು, ಮುಖ್ಯವಾಗಿ ಶುಭಾಂಗಿಬಾಯಿಯ ಕಿವಿಗೆ ಬೀಳಬಾರದು ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡ. ಕೊಟ್ಟೆ. ಶುಭಾಂಗಿಬಾಯಿಗೆ ಕನ್ನಡ ಓದಲು ಬರುವುದಿಲ್ಲ ಅನ್ನುವ ಧೈರ್ಯದ ಮೇಲೆ ಇಷ್ಟೆಲ್ಲ ಬರೆದಿದ್ದೇನೆ. ಕೊಟ್ಟ ಮಾತು ಹೀಗೆ ಮುರಿದು, ಗದಿಗೆಪ್ಪನಿಗೆ ನಾನು ಒಂದು ಮಾತು ಬಾಕಿ ಇದ್ದೇನೆ.